ಮಾವನ ಬೆರಳು, ಹೊನ್ನೆಯ ಲೋಟ

ಒಂದು ಬೆಳಿಗ್ಗೆ ನಮ್ಮ ಮಾವ ಕರೆಂಟ್ ಕಂಬದ ಯೋಗಕ್ಷೇಮ ವಿಚಾರಿಸಿದರು. ಕಂಬಕ್ಕೆ ಯಾರೋ ಪಿ.ಜಿ.ಯವರು ಬಾಡಿಗೆ ರೂಮಿನ ನೀಲಿ ಬ್ಯಾನರು ಸುತ್ತಿದ್ದರು. ಅದು ಮಾವನ ಕಣ್ಣಿಗೆ ನೀಲಿ ಶರಟು ತೊಟ್ಟ ಗುರುತಿನವರಂತೆ ಕಂಡಿರಬೇಕು. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ, ಮಗಳ ಬಾಣಂತನ ಮುಗಿಯಿತಾ ಎಂದೆಲ್ಲ ಕೇಳಿದರು. ಕಂಬ ತುಟಿ ಬಿಚ್ಚಲಿಲ್ಲ. ಮನೆಗೆ ಬಂದವರೇ, ಸೈಟು ಮಾರಿ ನಾಲ್ಕು ಕಾಸು ಕಂಡ ಮೇಲೆ ಈ ಊರಿನವರಿಗೆ ಮಾತಾಡಿಸಿದರೂ ಮಾತು ಬರುವುದಿಲ್ಲ ಎಂದು ಕಾಫಿ ಆರುವ ತನಕ ಬೈದರು. ನಾನು ಬಾಲ್ಕನಿಯಲ್ಲಿ ಬಟ್ಟೆ ಹಿಂಡುತ್ತಾ ಎಲ್ಲವನ್ನೂ ನೋಡಿದ್ದೆ. ಹೇಳಲೋ ಬೇಡವೋ ಎಂದು ಯೋಚಿಸಿ ಹೇಳಿಯೇಬಿಟ್ಟೆ. ನನ್ನ ಬಾಯಿ ಸುಮ್ಮನಿರುವ ಜಾತಿಯದ್ದಲ್ಲ, ಇದು ಮದುವೆಗೆ ಮೊದಲೇ ಈ ಮನೆಯವರಿಗೆ ಗೊತ್ತಿತ್ತು.

ಮಾವ ನಗಲಿಲ್ಲ. ಲೋಟ ಕೆಳಗಿಟ್ಟು ಒಳಗೆ ಹೋದರು. ಆಗ ನನಗೆ ಅಯ್ಯೋ ಅನ್ನಿಸಿತು.

ನಮ್ಮದು ಬೆಂಗಳೂರಿನ ಅಂಚಿನ ಕೋಗಿಲು. ನಾನು ಹುಟ್ಟಿದ್ದು ಮತ್ತಿಕೆರೆ, ಸೇರಿದ್ದು ಇಲ್ಲಿಗೆ. ಮಾವ ರಾಗಿ ಬಿತ್ತುತ್ತಿದ್ದ ಹೊಲ ಈಗ ಲೇಔಟು. ಅದರಲ್ಲಿ ನಮ್ಮವೇ ಕೆಲವು ಬಾಡಿಗೆ ಮನೆಗಳಿವೆ. ಬಾಡಿಗೆಯ ವಿಷಯವೆಲ್ಲ ನನ್ನ ಗಂಡನದು, ಮಾವನಿಗೆ ಅದರಲ್ಲಿ ಎಳ್ಳಷ್ಟೂ ಆಸಕ್ತಿ ಇಲ್ಲ. ಅವರಿಗಿದ್ದ ಸುಖ ಒಂದೇ. ಬೆಳಿಗ್ಗೆ ಹಾಲಿನ ಡೈರಿಯ ಮುಂದಿನ ಕಲ್ಲುಬೆಂಚಿನ ಮೇಲೆ ಕೂತು ಸುತ್ತಲಿನ ಹಿರಿಯರಿಗೆಲ್ಲ ಗಟ್ಟಿಯಾಗಿ ಪೇಪರ್ ಓದಿ ಹೇಳುವುದು. ಸುಮ್ಮನೆ ಓದುವುದಲ್ಲ, ಪ್ರತಿ ಸುದ್ದಿಗೂ ತಮ್ಮದೊಂದು ಒಗ್ಗರಣೆ. ಮಂತ್ರಿಗಳಿಗೆ ಬುದ್ಧಿ ಹೇಳುವುದು, ಹವಾಮಾನದವರನ್ನು ಗದರುವುದು, ತಿಥಿ ಜಾಹೀರಾತಿನಲ್ಲಿ ಗುರುತಿನ ಮುಖ ಕಂಡರೆ ಒಂದು ನಿಮಿಷ ಸುಮ್ಮನಾಗುವುದು. ಕಣ್ಣು ಮಂಜಾಗುತ್ತಾ ಹೋದಂತೆ ಆ ಕುರ್ಚಿ, ಅಂದರೆ ಆ ಕಲ್ಲು, ಒಬ್ಬ ರಿಟೈರಾದ ಬಸ್ ಕಂಡಕ್ಟರರ ಪಾಲಾಯಿತು. ಅವರು ಚಿನ್ನದ ರೇಟು ಓದಿ, ಕ್ರಿಕೆಟ್ ಓದಿ, ಉಳಿದಿದ್ದೆಲ್ಲ ಮಾಮೂಲಿ ಎಂದು ಪೇಪರ್ ಮಡಚಿಬಿಡುತ್ತಿದ್ದರಂತೆ. ಮಾವನಿಗೆ ಕಣ್ಣು ಕಾಣದಿರುವುದಕ್ಕಿಂತ ಇದೇ ಹೆಚ್ಚು ಉರಿ.

ಹೆಬ್ಬಾಳದ ಕಡೆ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಎರಡೂ ಕಣ್ಣಿಗೆ ಪೊರೆ ಬಂದಿದೆ, ತೆಗೆಯುವುದು ದೊಡ್ಡ ವಿಷಯವೇ ಅಲ್ಲ, ಆದರೆ ಸಕ್ಕರೆ ಈ ಮಟ್ಟದಲ್ಲಿದ್ದರೆ ನಾನು ಕಣ್ಣು ಮುಟ್ಟುವುದಿಲ್ಲ ಎಂದರು ಅವರು. ಗಾಯ ಮಾಯುವುದು ಕಷ್ಟ, ನಂಜಾದರೆ ಇರುವ ನೋಟವೂ ಹೋಗಬಹುದು, ಮೊದಲು ಸಕ್ಕರೆ ಹತೋಟಿಗೆ ತನ್ನಿ ಎಂದು ಕಳಿಸಿದರು. ವಾಪಸ್ ಬರುವಾಗ ಕೋಗಿಲು ಕ್ರಾಸಿನಲ್ಲಿ ಆಟೋ ಸಿಗ್ನಲ್ಲಿಗೆ ನಿಂತಾಗ ಮಾವ ನನ್ನ ಕಡೆ ತಿರುಗಿ, "ಅಂಗಾರೆ ನನ್ ಕಣ್ಣು ಇನ್ ಇಂಗೇನಾ ಕಣಮ್ಮ?" ಎಂದರು. ಇಷ್ಟು ಜೋರಿನ ಮನುಷ್ಯ ಅಷ್ಟು ಮೆತ್ತಗೆ ಕೇಳಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಸಕ್ಕರೆ ಇಳಿಸುವುದು ಎಂದ ಮೇಲೆ ನಮ್ಮ ಕಡೆ ಸಲಹೆಗಳಿಗೆ ಬರವೇ? ದಾರಿಯಲ್ಲಿ ಹೋಗುವವರೂ ಒಂದೊಂದು ಹೇಳಿ ಹೋದರು. ಹಾಗಲಕಾಯಿ ರಸ, ಮೆಂತ್ಯ, ಬೇವಿನ ಚಿಗುರು, ನೇರಳೆ ಬೀಜದ ಪುಡಿ. ಇವೆಲ್ಲವನ್ನೂ ಮೀರಿಸಿದ್ದು ಚಿಕ್ಕಜಾಲದಿಂದ ಬಂದ ಮಾವನ ತಂಗಿ. ನಾನು ಅವರನ್ನು ಚಿಕ್ಕಜಾಲದತ್ತೆ ಎನ್ನುತ್ತೇನೆ. ಬಂದವರೇ ಬ್ಯಾಗಿನಿಂದ ಹೊಸ ಬಟ್ಟೆಯಲ್ಲಿ ಸುತ್ತಿದ ಮರದ ಲೋಟವೊಂದನ್ನು ತೆಗೆದು ದೇವರ ಮುಂದಿಟ್ಟು ಕೈ ಮುಗಿದು ಅಣ್ಣನ ಕೈಗಿಟ್ಟರು. "ಒನ್ನೆ ಮರದ್ದು ಕಣಣ್ಣ. ರಾತ್ರಿ ನೀರ್ ಉಯ್ದಿಕ್ಕಿ ಬೆಳಿಗ್ಗೆ ಕುಡಿ. ಸಕ್ರೆ ಕಾಯ್ಲೆ ಬೇರ್ ಸಮೇತ ಓಯ್ತದೆ."

ಅವರಿಗೂ ಸಕ್ಕರೆ ಇತ್ತಂತೆ, ಈ ಲೋಟದಿಂದ ಪೂರ್ತಿ ಹೋಯಿತಂತೆ. ಹೋದದ್ದು ಹೇಗೆ ಗೊತ್ತಾಯಿತು, ರಕ್ತ ಪರೀಕ್ಷೆ ಮಾಡಿಸಿದಿರಾ ಎಂದು ನಾನು ಕೇಳಿದೆ. ಅವರು ನನ್ನನ್ನು ಪಾಪ ಎನ್ನುವಂತೆ ನೋಡಿ, "ಓಗೈತಲ್ಲಮ್ಮ, ಇನ್ ಯಾತಕ್ಕೆ ಮಾಡ್ಸಾನ?" ಎಂದರು.

ಆ ಲೋಟದ ಗತ್ತೇ ಬೇರೆ. ರಾತ್ರಿ ಹುಯ್ದ ನೀರು ಬೆಳಿಗ್ಗೆ ಕಂದು ಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದರೆ ಅಂಚಿನಲ್ಲಿ ನೀಲಿ ಹೊಳೆಯುತ್ತಿತ್ತು. ಅದನ್ನು ನೋಡಲು ಬಾಡಿಗೆಯವರೂ ಬಂದರು. ನೋಡಿದವರೆಲ್ಲ, ಇಷ್ಟು ಬಣ್ಣ ಬಿಟ್ಟಿದೆ ಎಂದರೆ ಒಳಗೆ ಏನೋ ಇದೆ ಎಂದು ತಲೆದೂಗಿದರು. ಒಳಗೆ ಏನೋ ಇದೆ, ನಾನೂ ಒಪ್ಪುತ್ತೇನೆ. ಬಣ್ಣ ಇದೆ. ಬಣ್ಣ ಬಿಡುವ ಸೀರೆಯನ್ನು ನಾವು ಅಂಗಡಿಗೆ ವಾಪಸ್ ಕೊಡುತ್ತೇವೆ, ಬಣ್ಣ ಬಿಡುವ ಲೋಟಕ್ಕೆ ಮಾತ್ರ ಕೈ ಮುಗಿಯುತ್ತೇವೆ ಎಂದೆ. ಅತ್ತೆ, ಅಂದರೆ ನನ್ನ ಗಂಡನ ತಾಯಿ, ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದರು. ಮಾವ ಮುಖ ಊದಿಸಿಕೊಂಡರು.

ಊದಿಸಿಕೊಂಡರೆ ಊದಿಸಿಕೊಳ್ಳಲಿ ಎಂದು ಬಿಟ್ಟುಬಿಡುತ್ತಿದ್ದೆ. ಕುಡಿದರೆ ನೀರು ತಾನೆ. ಆದರೆ ಒಂದು ದಿನ ಮಾವನ ಶರಟು ಒಗೆಯಲು ತೆಗೆದಾಗ ಜೇಬಿನಲ್ಲಿ ಸಕ್ಕರೆಯ ಮಾತ್ರೆಯ ಹಾಳೆ ಸಿಕ್ಕಿತು. ಒಂದು ಮಾತ್ರೆಯನ್ನೂ ಒಡೆದಿರಲಿಲ್ಲ. ಲೋಟ ಬಂದ ದಿನದಿಂದ ಈ ಮಹಾನುಭಾವರು ಮಾತ್ರೆ ನುಂಗುವುದನ್ನೇ ಬಿಟ್ಟಿದ್ದರು. ನನಗೆ ನಖಶಿಖಾಂತ ಉರಿದುಹೋಯಿತು. ಹಾಳೆಯನ್ನು ಅವರ ಮುಂದೆ ಹಿಡಿದು ಇದೇನು ಮಾವ ಎಂದೆ. ಕಣ್ಣು ಕಾಣುವುದಿಲ್ಲವೆಂದು ಸುಳ್ಳೇನೂ ಹೇಳಲಿಲ್ಲ, ಮನುಷ್ಯ ನೇರ. ಲೋಟ ಕೆಲಸ ಮಾಡ್ತಾ ಇದೆ, ಮೈ ಹಗುರವಾಗಿದೆ, ಇನ್ನು ಇಂಗ್ಲಿಷ್ ಮದ್ದಿನ ವಿಷ ಯಾಕೆ ಎಂದರು. ಪರೀಕ್ಷೆ ಮಾಡಿ ನೋಡೋಣ ಎಂದೆ. ಅದಕ್ಕೆ ಅವರಿಗೆ ಬಂತು ನೋಡಿ ಸಿಟ್ಟು.

"ಪರೀಕ್ಷೆ ಅಂದ್ರೆ ಏನರ್ಥ? ನನ್ ತಂಗಿ ಸುಳ್ಳೇಳ್ತಾಳೆ ಅಂತಾನಾ?"

ಇಲ್ಲೇ ಇರುವುದು ನಮ್ಮ ಮನೆಗಳ ತೊಡಕು. ಮಾತನ್ನು ಪರೀಕ್ಷಿಸಿದರೆ ಮಾತಾಡಿದವರನ್ನು ಅನುಮಾನಿಸಿದ ಹಾಗೆ. ಯಾರು ಹೇಳಿದರು ಎನ್ನುವುದು ಗೊತ್ತಾದರೆ ಸಾಕು, ಹೇಳಿದ್ದು ನಿಜವೇ ಎಂದು ಕೇಳುವುದು ಅಗೌರವ. ಚಿಕ್ಕಜಾಲದತ್ತೆ ಬಂಗಾರದಂಥ ಹೆಂಗಸು, ನನ್ನ ಬಾಣಂತನಕ್ಕೆ ಹಗಲೂ ರಾತ್ರಿ ಬಂದು ನಿಂತವರು, ಅವರ ಬಾಯಲ್ಲಿ ಸುಳ್ಳು ಬರುವುದಿಲ್ಲ ಎಂದು ನಾನೂ ಎಲ್ಲಿ ಬೇಕಾದರೂ ಹೇಳುತ್ತೇನೆ. ಆದರೆ ಅವರ ಗುಣವನ್ನು ನೋಡಿ ಲೋಟದ ಗುಣ ತಿಳಿಯುವುದು ಹೇಗೆ? ಇದನ್ನು ಮಾವನಿಗೆ ಹೇಳಲು ನಾನು ತಿಣುಕಾಡುತ್ತಿರುವಾಗ ಅಡುಗೆಮನೆಯ ಬಾಗಿಲಿನಿಂದ ಅತ್ತೆ ಬಾಯಿ ಹಾಕಿದರು.

ಅತ್ತೆಗೆ ಒಂದು ಹಳೆಯ ಲೆಕ್ಕವಿತ್ತು. ಹಿಂದೆ ಮನೆಯಲ್ಲಿ ಹಸುಗಳಿದ್ದ ಕಾಲದಲ್ಲಿ ಮಾವ ಒಂದು ಹಸು ಕೊಳ್ಳಲು ಅತ್ತೆಯ ಅಣ್ಣನ ಮನೆಗೇ ಹೋಗಿದ್ದರಂತೆ. ಸ್ವಂತ ಭಾವಮೈದ, ಎಷ್ಟು ಹಾಲು ಕೊಡುತ್ತದೆ ಎಂದು ಬಾಯಿಬಿಟ್ಟು ಹೇಳಿದ್ದಾರೆ. ಈ ಮನುಷ್ಯ ಕೇಳಬೇಕಲ್ಲ. ಒಂದು ಹೊತ್ತು ಕರೆಯದೆ ಬಿಟ್ಟು ಕೆಚ್ಚಲು ದಪ್ಪ ಕಾಣಿಸುವ ಹಾಗೆ ಮಾಡಿರಬಹುದು ಎಂದು ಅಲ್ಲೇ ಉಳಿದು, ಸಂಜೆ ಒಂದು ಸಲ, ಬೆಳಿಗ್ಗೆ ಒಂದು ಸಲ ತಾವೇ ಕೂತು ಹಾಲು ಕರೆದು ನೋಡಿಯೇ ಮುಂಗಡ ಕೊಟ್ಟಿದ್ದು. ನಮ್ಮ ಕಡೆ ಹಸು ಕೊಳ್ಳುವವರೆಲ್ಲ ಮಾಡುವುದೇ ಇದು. ಆದರೆ ಹೆಂಡತಿಯ ಅಣ್ಣನಿಗೂ ಮಾಡಿದರಲ್ಲ ಎಂದು ಅತ್ತೆಗೆ ಅಂದಿನಿಂದ ಕುದಿ.

"ನಮ್ಮಣ್ಣ ಮೂತಿ ತಿರುಗಿಸ್ದಾಗ ನೀವೇನಂದ್ರಿ? ಬಾಮೈದ ಒಳ್ಳೇವ್ನೇ, ಆದ್ರೆ ಆಲು ಕೊಡೋದು ಅವ್ನಲ್ಲ, ಅಸ ಅನ್ಲಿಲ್ವಾ? ಈಗ ನಿಮ್ ತಂಗೀ ಲೋಟ ಬಂದ್ರೆ ಬಾಯ್ ಮುಚ್ಕಂಡು ಕುಡೀಬೇಕಾ?"

ಇಷ್ಟು ವರ್ಷ ಮಡಚಿಟ್ಟುಕೊಂಡಿದ್ದ ಮಾತನ್ನು ಅತ್ತೆ ಆ ಹೊತ್ತಿಗೆ ಸರಿಯಾಗಿ ಹೊರತೆಗೆದ ಬಗೆಗೆ ನಾನು ಮನಸ್ಸಿನಲ್ಲೇ ಉಘೇ ಅಂದೆ. ಕೊನೆಗೆ ಮಾವ, ಆಯ್ತು, ಕರೆದು ನೋಡಿ, ಆದರೆ ನ್ಯಾಯವಾಗಿ ನೋಡಬೇಕು ಎಂದು ಒಪ್ಪಿಕೊಂಡರು. ಮಾತ್ರೆ ಮಾತ್ರ ಅವತ್ತೇ ಮತ್ತೆ ಶುರು, ಅದರಲ್ಲಿ ಚೌಕಾಸಿ ಇಲ್ಲ ಎಂದು ಅತ್ತೆ ತಾವೇ ಎದುರಿಗೆ ನಿಂತು ನುಂಗಿಸಿದರು. ಅತ್ತೆ ಗಟ್ಟಿ ಇದ್ದಾರೆ, ಅವರಿಗೇನೂ ಆಗುವುದಿಲ್ಲ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ.

ನ್ಯಾಯವಾಗಿ ನೋಡುವುದು ನನ್ನ ಹೊಟ್ಟೆಪಾಡು. ನಾನು ಯಶವಂತಪುರದ ಕಡೆ ಒಂದು ಫ್ಯಾಕ್ಟರಿಯಲ್ಲಿ ಸಾರಿನ ಪುಡಿ, ಇಡ್ಲಿ ಮಿಕ್ಸುಗಳ ರುಚಿ ನೋಡುವ ಕೆಲಸದಲ್ಲಿದ್ದೇನೆ. ಅಲ್ಲಿ ಬಟ್ಟಲುಗಳ ಮೇಲೆ ಹೆಸರು ಬರೆಯುವುದಿಲ್ಲ, ಬರೀ ಗುರುತು. ಯಾವುದು ಯಾರದ್ದು ಎಂದು ಕುಡಿಯುವವರಿಗೂ ಗೊತ್ತಿರುವುದಿಲ್ಲ, ಬಡಿಸುವವರಿಗೂ ಗೊತ್ತಿರುವುದಿಲ್ಲ. ಬಡಿಸುವವರಿಗೆ ಗೊತ್ತಿದ್ದರೆ ಅವರ ಮುಖವೇ ಹೇಳಿಬಿಡುತ್ತದೆ. ಒಮ್ಮೆ ನಮ್ಮ ಮಾಲೀಕರು ತಾವೂ ರುಚಿ ನೋಡುತ್ತೇನೆಂದು ಕೂತು, ಒಂದು ಬಟ್ಟಲಿಗೆ ಮುಖ ಕಿವುಚಿ, ಇದು ಎದುರು ಪಾರ್ಟಿಯವರದ್ದು, ನಾಯಿಯೂ ಮೂಸುವುದಿಲ್ಲ ಎಂದರು. ಅದು ಅವರ ಅಮ್ಮನ ಕೈಯಳತೆಯ ಪುಡಿ, ಡಬ್ಬದ ಮೇಲೆ ಆ ತಾಯಿಯ ಫೋಟೋ ಬೇರೆ ಇದೆ. ಆ ದಿನ ಇಡೀ ಡಿಪಾರ್ಟ್‌ಮೆಂಟು ತಲೆ ಎತ್ತದೆ ಬಟ್ಟಲು ತೊಳೆಯಿತು. ಮಾಲೀಕರ ನಾಲಿಗೆಯೇ ಹೀಗಾದ ಮೇಲೆ ಮಾವನ ಹಗುರವಾದ ಮೈಯನ್ನು ನಾನು ಹೇಗೆ ನಂಬಲಿ?

ಹಾಗಾಗಿ ಮನೆಯಲ್ಲೂ ಅದೇ ಪದ್ಧತಿ ತಂದೆ. ಒಂದು ವಾರ ಹೊನ್ನೆ ಲೋಟದ ನೀರು, ಒಂದು ವಾರ ಸುಳ್ಳು ನೀರು. ಸುಳ್ಳು ನೀರು ಅಂದರೆ ಸಕ್ಕರೆ ಹಾಲು ಏನೂ ಇಲ್ಲದೆ ತೆಳ್ಳಗೆ ಕಾಸಿ ಆರಿಸಿದ ಟೀ ನೀರು, ಅದೂ ಹೊನ್ನೆಯ ಹಾಗೇ ಸ್ವಲ್ಪ ಒಗರು. ಎರಡನ್ನೂ ಕೊಡುವುದು ಒಂದೇ ಸ್ಟೀಲ್ ಲೋಟದಲ್ಲಿ. ಬಣ್ಣದ ವ್ಯತ್ಯಾಸವನ್ನಾಗಲಿ ಲೋಟ ಕೊಡುವ ಅತ್ತೆಯ ಮುಖವನ್ನಾಗಲಿ ಹಿಡಿಯುವಷ್ಟು ಕಣ್ಣು ಮಾವನಿಗೆ ಇರಲಿಲ್ಲ, ಪಾಪ, ಪರೀಕ್ಷೆಗೆ ಅದೊಂದು ಅನುಕೂಲವೇ ಆಯಿತು. ಯಾವ ವಾರ ಯಾವುದು ಎಂದು ಗೊತ್ತಿರುವುದು ಅತ್ತೆಗೆ ಮಾತ್ರ. ಬೆರಳು ಚುಚ್ಚುವ ನನಗೂ ಹೇಳುವ ಹಾಗಿಲ್ಲ. ಒಂದು ಸುತ್ತು ಮುಗಿದ ಮೇಲೆ ಇನ್ನೊಂದು ಸುತ್ತು, ಯಾಕೆಂದರೆ ಒಂದೇ ಸಲ ನೋಡಿದರೆ ಅದೃಷ್ಟವೂ ಗುಣದ ವೇಷ ಹಾಕಿಕೊಂಡು ಬರಬಹುದು.

ಬೆಳಿಗ್ಗೆ ಫಸ್ಟ್ ಶಿಫ್ಟಿಗೆ ಹೊರಡುವ ಮುಂಚೆ ಖಾಲಿ ಹೊಟ್ಟೆಯಲ್ಲಿ ಒಂದು ಸಲ, ಮಧ್ಯಾಹ್ನ ಮನೆಗೆ ಬಂದ ಮೇಲೆ ಊಟ ಇಳಿದ ಹೊತ್ತಿಗೆ ಒಂದು ಸಲ ಮಾವನ ಬೆರಳು ಚುಚ್ಚುತ್ತಿದ್ದೆ. ಸಕ್ಕರೆ ಅಳೆಯುವ ಮೀಟರು ಎಲ್ಲವನ್ನೂ ತಾನೇ ನೆನಪಿಟ್ಟುಕೊಳ್ಳುತ್ತಿತ್ತು. ಮಾವ ಮೊದಮೊದಲು ಸೂಜಿ ಕಂಡರೆ ಅತ್ತ ಮುಖ ತಿರುಗಿಸುತ್ತಿದ್ದವರು ಆಮೇಲೆ ಡೈರಿಯ ಬೆಂಚಿನವರಿಗೆ ಬೆರಳು ತೋರಿಸಿ, ನಮ್ಮ ಮನೇಲಿ ರಿಸರ್ಚು ನಡೀತಾ ಇದೆ ಎಂದು ಹೇಳಿಕೊಂಡು ಬರತೊಡಗಿದರು. ಕಂಡಕ್ಟರಿಗೆ ಚಿನ್ನದ ರೇಟು ಇದ್ದರೆ ಇವರಿಗೆ ಸಕ್ಕರೆಯ ರೇಟು.

ಅತ್ತೆಯ ಸಂಭ್ರಮವನ್ನಂತೂ ಕೇಳಬೇಡಿ. ಈ ಮನೆಗೆ ಬಂದಾಗಿನಿಂದ ಅವರಿಗೆ ಮಾತ್ರ ಗೊತ್ತಿರುವ, ಬೇರೆ ಯಾರಿಗೂ ಗೊತ್ತಿಲ್ಲದ ವಿಷಯ ಎಂಬುದು ಒಂದೂ ಇರಲಿಲ್ಲ. ಈಗ ಇಡೀ ಮನೆ ಅವರ ಮುಖ ನೋಡುತ್ತಿತ್ತು. ಈ ವಾರ ಯಾವುದು ಎಂದು ಮಾವ ಪುಸಲಾಯಿಸಿ ಕೇಳಿದರು, ಗದರಿಸಿ ಕೇಳಿದರು, ಮಲ್ಲಿಗೆ ಹೂವು ತಂದುಕೊಟ್ಟು ಕೇಳಿದರು. ಅತ್ತೆ ಹೂವು ಮುಡಿದುಕೊಂಡರು, ಗುಟ್ಟು ಬಿಡಲಿಲ್ಲ. ಮಾವ ಕೊನೆಗೆ ತಾವೇ ತೀರ್ಮಾನಕ್ಕೆ ಬಂದರು. ಹೋದ ವಾರ ಕುಡಿದದ್ದು ಬರೀ ಟೀ ನೀರು, ಮೈಯೆಲ್ಲ ಭಾರವಿತ್ತು. ಈ ವಾರದ್ದು ಖಂಡಿತ ಹೊನ್ನೆ, ಗಂಟಲಲ್ಲಿ ಇಳಿಯುವಾಗಲೇ ಗೊತ್ತಾಗುತ್ತೆ, ಮೊಣಕಾಲ ನೋವು ಕೂಡ ಕಮ್ಮಿ ಎಂದು ಕಂಡಕಂಡವರಿಗೆ ಸಾರಿದರು.

ಎರಡು ಸುತ್ತೂ ಮುಗಿದ ಭಾನುವಾರ ಚಿಕ್ಕಜಾಲದತ್ತೆಯನ್ನೂ ಕರೆಸಿ ನಡುಮನೆಯಲ್ಲಿ ಕೂಡಿದೆವು. ಅತ್ತೆ ಎಲೆ ಅಡಿಕೆ ಹಾಕಿಕೊಂಡು, ಬೇಕೆಂದೇ ನಿಧಾನವಾಗಿ ಅಗಿದು, ಗುಟ್ಟು ಒಡೆದರು. ಮಾವನ ಮೈ ಹಗುರವಾಗಿದ್ದ ವಾರ, ಮೊಣಕಾಲು ನೋವು ಓಡಿಹೋಗಿದ್ದ ವಾರ, ಅವರು ಕುಡಿದದ್ದು ಟೀ ನೀರು. ಮೀಟರನ್ನು ಒತ್ತಿ ಒತ್ತಿ ನೋಡಿದರೆ ಹೊನ್ನೆಯ ವಾರಕ್ಕೂ ಟೀ ನೀರಿನ ವಾರಕ್ಕೂ ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲ. ಚಿಕ್ಕಜಾಲದತ್ತೆ, ನಂಗಂತೂ ಆಗೈತೆ ಎಂದು ಎದ್ದು ಹೋಗಿ ನೀರು ಕುಡಿದರು. ಅವರನ್ನು ನಾನು ಕೆಣಕಲಿಲ್ಲ. ಒಬ್ಬ ಮಾವನ ಬೆರಳನ್ನು ನೋಡಿ ಜಗತ್ತಿನ ಹೊನ್ನೆ ಮರಗಳಿಗೆಲ್ಲ ತೀರ್ಪು ಕೊಡಲು ಆಗುವುದಿಲ್ಲ. ನಮ್ಮ ಮಾವನ ಸಕ್ಕರೆಗೆ ನಮ್ಮ ಮನೆಯ ಲೋಟ ಏನೂ ಮಾಡಲಿಲ್ಲ, ಗೊತ್ತಾದದ್ದು ಅಷ್ಟೇ. ಮಾವ ಲೋಟವನ್ನು ಎರಡೂ ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, ಪೆನ್ನು ಇಡೋದಕ್ಕೆ ಚೆನ್ನಾಗಿದೆ ಎಂದರು.

ನಾನು ಗೆದ್ದೆ ಎಂದು ಬೀಗುತ್ತಿದ್ದೆ. ಎಷ್ಟು ಹೊತ್ತು? ಮೀಟರನ್ನು ಇನ್ನೊಂದು ಸಲ ಒತ್ತುವ ತನಕ.

ಮಾತ್ರೆ ಸರಿಯಾಗಿ ನುಂಗುತ್ತಿದ್ದರೂ, ಬೆಳಗಿನ ಲೆಕ್ಕ ಪರವಾಗಿಲ್ಲ ಎನ್ನುವಂತಿದ್ದರೂ, ಮಧ್ಯಾಹ್ನದ ಊಟದ ಮೇಲಿನ ಸಕ್ಕರೆ ಪ್ರತಿದಿನ ಆಕಾಶಕ್ಕೇರುತ್ತಿತ್ತು. ಒಂದೇ ಒಂದು ದಿನ ಮಾತ್ರ ಏರಿರಲಿಲ್ಲ. ಆ ದಿನ ಸಕ್ಕರೆ ಅಷ್ಟು ಕಮ್ಮಿ ಬಂದದ್ದಕ್ಕೆ ಮೀಟರು ಕೆಟ್ಟಿರಬೇಕೆಂದು ನನ್ನ ಬೆರಳನ್ನೂ ಚುಚ್ಚಿ ನೋಡಿದ್ದು ನೆನಪಿತ್ತು. ಯಾವ ದಿನ ಅದು ಎಂದು ಕೆದಕಿದೆ. ಅತ್ತೆ ಚಿಕ್ಕಜಾಲಕ್ಕೆ ಸೀಮಂತಕ್ಕೆ ಹೋಗಿದ್ದ ದಿನ. ಅಡುಗೆ ನನ್ನ ಗಂಡನದು. ಆ ಪುಣ್ಯಾತ್ಮ ಮಾಡಿದ ರಾಗಿಮುದ್ದೆ ಗಂಟುಗಂಟಾಗಿ, ಅರ್ಧ ಬೆಂದು, ಮಾವ ಒಂದು ಚೂರು ಮುರಿದು ತಟ್ಟೆಯ ಅಂಚಿಗೆ ತಳ್ಳಿ, ಸಿಟ್ಟಿನಲ್ಲಿ ಸೊಪ್ಪಿನ ಸಾರು ಮತ್ತು ಹುರುಳಿಕಾಳನ್ನೇ ಬಟ್ಟಲುಗಟ್ಟಲೆ ತಿಂದು ಎದ್ದಿದ್ದರು.

ಉಳಿದ ದಿನ? ಉಳಿದ ದಿನ ಮಾವನ ತಟ್ಟೆಯಲ್ಲಿ ಮೂರು ಮುದ್ದೆ. ಮೊದಲೆಲ್ಲ ಎರಡು ಉಣ್ಣುತ್ತಿದ್ದವರು ಸಕ್ಕರೆ ಕಾಯಿಲೆ ಎಂದು ಗೊತ್ತಾದ ಮೇಲೆ ಮೂರಕ್ಕೇರಿಸಿದ್ದರು. ಅನ್ನ ಬಿಟ್ಟೆ, ಮುದ್ದೆ ಎಷ್ಟು ತಿಂದರೂ ಸಕ್ಕರೆಗೆ ಒಳ್ಳೆಯದು ಎಂದು. ಹಾಗೆಂದು ಮಾವ ಹೇಳುತ್ತಿದ್ದರು, ಅತ್ತೆ ಹೇಳುತ್ತಿದ್ದರು, ಮತ್ತಿಕೆರೆಯ ನನ್ನ ಅಮ್ಮ ಫೋನಿನಲ್ಲಿ ಹೇಳುತ್ತಿದ್ದಳು, ಎಲ್ಲರಿಗಿಂತ ಜೋರಾಗಿ ನಾನೇ ಹೇಳುತ್ತಿದ್ದೆ. ರಜೆಯ ದಿನ ಮೂರನೆಯ ಮುದ್ದೆಯನ್ನು ಮದ್ದಿನ ಹಾಗೆ ಬಡಿಸುತ್ತಿದ್ದವಳೂ ನಾನೇ.

ಈಗ ನೋಡಿ ನನ್ನ ಚಂದ. ಲೋಟವನ್ನು ಅನುಮಾನಿಸಲು ನನಗೆ ಎರಡು ನಿಮಿಷವೂ ಬೇಕಾಗಿರಲಿಲ್ಲ. ಮುದ್ದೆಯ ವಿಷಯ ಬಂದಾಗ ನನ್ನ ಬಾಯಿಂದ ಬಂದ ಸಬೂಬುಗಳನ್ನು ಕೇಳಿದ್ದರೆ ನಮ್ಮ ಫ್ಯಾಕ್ಟರಿಯವರು ಅವತ್ತೇ ಕೆಲಸದಿಂದ ತೆಗೆಯುತ್ತಿದ್ದರು. ಅವತ್ತು ಮಾವ ಹೆಚ್ಚು ನಡೆದಿರಬಹುದು. ಅವತ್ತು ಬಿಸಿಲು ಹೆಚ್ಚಿತ್ತು. ರಾಗಿಯದ್ದಲ್ಲ, ಸಾರಿನ ತೆಂಗಿನಕಾಯಿಯದ್ದಿರಬಹುದು. ರಾಗಿ ತಿಂದು ಬೆಳೆದ ಮೈ ನನ್ನದು, ರಾಗಿಯನ್ನು ಕಟಕಟೆಯಲ್ಲಿ ನಿಲ್ಲಿಸುವುದು ಎಂದರೆ ಹೆತ್ತವರ ಮೇಲೆ ದೂರು ಕೊಟ್ಟ ಹಾಗನ್ನಿಸುತ್ತಿತ್ತು. ನನಗೆ ಅಳುವೇ ಬಂದಿತ್ತು, ಸುಳ್ಳಲ್ಲ.

ಮಾವ ಬಿಡುತ್ತಾರೆಯೇ? ಅವರಿಗೆ ಹಬ್ಬವೋ ಹಬ್ಬ. "ನಮ್ ತಂಗಿ ಲೋಟಕ್ಕೊಂದ್ ನ್ಯಾಯ, ನಿಮ್ಮಮ್ಮನ್ ಮುದ್ದೆಗೊಂದ್ ನ್ಯಾಯಾನಾ?" ಎಂದು ಕುಳಿತಲ್ಲಿಂದಲೇ ಬೆರಳು ಮುಂದೆ ಚಾಚಿದರು. ಅದರಿಂದ ಅವರಿಗೇ ಮುದ್ದೆ ತಪ್ಪಬಹುದು ಎನ್ನುವುದು ಆ ಖುಷಿಯಲ್ಲಿ ಹೊಳೆಯಲಿಲ್ಲವೇನೋ.

ಮುದ್ದೆಯನ್ನು ಬಚ್ಚಿಟ್ಟು ತಿನ್ನಿಸಲು ಆಗುವುದಿಲ್ಲ, ಹಾಗಾಗಿ ಇಲ್ಲಿ ಗುಟ್ಟಿನ ಆಟವಿರಲಿಲ್ಲ. ಒಂದಷ್ಟು ದಿನ ಮೂರು ಮುದ್ದೆ, ಒಂದಷ್ಟು ದಿನ ಒಂದೇ ಸಣ್ಣ ಮುದ್ದೆಯ ಜೊತೆ ಸೊಪ್ಪು ಕಾಳು ಜಾಸ್ತಿ. ಮತ್ತೆ ಮೂರು, ಮತ್ತೆ ಒಂದು. ಮೀಟರಿಗೆ ರಾಗಿಯ ಮೇಲೆ ಅಭಿಮಾನವಿಲ್ಲ, ಹೊನ್ನೆಯ ಮೇಲೆ ಹಗೆಯಿಲ್ಲ. ಮೂರು ಉಂಡ ದಿನ ಏರಿತು, ಒಂದು ಉಂಡ ದಿನ ಇಳಿಯಿತು, ಪ್ರತಿ ಸಲವೂ. ಸಕ್ಕರೆಯ ಡಾಕ್ಟರಿಗೆ ಮೀಟರು ತೋರಿಸಿದಾಗ ಅವರು ನಕ್ಕು, ರಾಗಿ ಒಳ್ಳೆಯದೇ, ಆದರೆ ಹಿಟ್ಟು ಹಿಟ್ಟೇ ಅಲ್ಲವೇನಮ್ಮ, ಗುಡ್ಡೆ ಹಾಕಿ ತಿಂದರೆ ಏರದೆ ಏನಾಗುತ್ತೆ ಎಂದರು. ಮಾತ್ರೆಯನ್ನೂ ಸ್ವಲ್ಪ ಬದಲಾಯಿಸಿದರು. ಒಂದು ಮುದ್ದೆಯ ಕಾಲ ಶುರುವಾಯಿತು. ಮೊದಲ ದಿನ ಮಾವ ತಟ್ಟೆಯ ನಡುವಿನ ಆ ನಿಂಬೆಹಣ್ಣಿನಂಥ ಮುದ್ದೆಯನ್ನು ಬೆರಳಿಂದ ತಡವಿ, ಇದು ಮುದ್ದೆಯೋ ಗೋಲಿಯೋ ಎಂದು ಕೇಳಿದರು. ಹಾಗಂದರೂ ಉಂಡರು. ಆ ಕಲ್ಲುಬೆಂಚು ಅವರನ್ನು ಎಳೆಯುತ್ತಿತ್ತು.

ಸಕ್ಕರೆ ಇಳಿಯಿತು. ಕಣ್ಣಿನ ಡಾಕ್ಟರು ಒಪ್ಪಿದರು. ಬಲಗಣ್ಣಿನ ಪೊರೆ ತೆಗೆದು, ಪಟ್ಟಿ ಕಟ್ಟಿ ಕಳಿಸಿ, ಮಾರನೆಯ ದಿನ ಬಿಚ್ಚಿದರು. ಮನೆಗೆ ಕರೆದುಕೊಂಡು ಬರುವಾಗ ಮಾವ ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡು ಓದಿದರು. ಟೈರು, ಟೈಲ್ಸು, ಬಿರಿಯಾನಿ, ಡೆಂಟಲ್ ಕ್ಲಿನಿಕ್ಕು, ಒಂದನ್ನೂ ಬಿಡಲಿಲ್ಲ. ಆಟೋದವನು ಒಂದೆರಡು ಸಲ ಹಿಂದೆ ತಿರುಗಿ ನೋಡಿದ. ನನಗೆ ಎಷ್ಟು ಖುಷಿಯಾಗಿತ್ತೆಂದರೆ ನಾನೂ ಅವರ ಜೊತೆ ಗಟ್ಟಿಯಾಗಿ ಓದತೊಡಗಿದೆ.

ಬಾಗಿಲಲ್ಲೇ ಅತ್ತೆ ಆರತಿ ತಟ್ಟೆ ಹಿಡಿದು ನಿಂತಿದ್ದರು. ಆರತಿ ಎತ್ತಿ, ಕುಂಕುಮವಿಟ್ಟು, ಒಳಗೆ ಕೂರಿಸಿ ಸಪ್ಪೆ ಕಾಫಿ ತಂದರು. ಮಾವ ಕಪ್ಪು ಕನ್ನಡಕವನ್ನು ಹಣೆಗೇರಿಸಿ ಕಾಫಿ ತೆಗೆದುಕೊಳ್ಳಲು ಕೈ ಚಾಚಿದವರು ಹಾಗೇ ತಡೆದರು. ಅತ್ತೆಯನ್ನು ಮೇಲಿಂದ ಕೆಳಗೆ ನೋಡಿದರು. ಕಾಫಿ ಇನ್ನೂ ಅತ್ತೆಯ ಕೈಯಲ್ಲೇ ಇತ್ತು.

"ಏನೇ ಇದು, ಇಂಗ್ ಒಣಗೋಗಿದೀಯಾ?"

ಅತ್ತೆ ನಾಚಿಕೊಂಡು, ಮೊದಲಿನಿಂದಲೂ ಹೀಗೇ ಇದ್ದೇನೆ, ಹೊಸ ಕಣ್ಣು ಬಂದಿದೆಯೆಂದು ಹೊಸದಾಗಿ ಹುಡುಕಬೇಡಿ ಎಂದರು. ನಾನೂ ನಗುತ್ತಾ ಅತ್ತೆಯ ಕಡೆ ನೋಡಿದೆ. ನಗು ಅಲ್ಲೇ ನಿಂತಿತು. ರವಿಕೆಯ ತೋಳು ಸಡಿಲವಾಗಿ ನೇತಾಡುತ್ತಿತ್ತು. ಮದುವೆಯಾದಾಗಿನಿಂದ ತೆಗೆದಿರದ ಬಳೆಗಳು ಮೊಣಕೈ ತನಕ ಜಾರುತ್ತಿದ್ದವು. ಕೆನ್ನೆಯ ಮೂಳೆ ಎದ್ದಿತ್ತು. ಮಾವನಿಗಾದರೆ ಪೊರೆ ಅಡ್ಡವಿತ್ತು, ಅಷ್ಟು ದಿನ ಅವರಿಗೆ ಅತ್ತೆ ಎಂದರೆ ಒಂದು ಸೀರೆಯ ಬಣ್ಣ, ಒಂದು ದನಿ. ನನಗೇನಾಗಿತ್ತು? ದಿನಾ ಅವರ ಪಕ್ಕದಲ್ಲೇ ನಿಂತು ಸೊಪ್ಪು ಬಿಡಿಸುತ್ತಿದ್ದೆ. ಅವರು ಚೊಂಬುಗಟ್ಟಲೆ ನೀರು ಕುಡಿಯುವುದನ್ನು ನೋಡಿ, ಒಲೆಯ ಮುಂದಿನ ಸೆಕೆ ಎಂದುಕೊಳ್ಳುತ್ತಿದ್ದೆ. ಮಧ್ಯಾಹ್ನ ಕೂತಲ್ಲೇ ತೂಕಡಿಸಿದರೆ, ಸದ್ಯ ಸ್ವಲ್ಪ ಮಲಗಿದರಲ್ಲ ಎಂದುಕೊಳ್ಳುತ್ತಿದ್ದೆ.

ಮಾವ ನನ್ನ ಕಡೆ ತಿರುಗಿ ಮೀಟರು ತರಲು ಹೇಳಿದರು. ಅತ್ತೆ, ಕಾಯಿಲೆ ನಿಮ್ಮದು, ಬೆರಳು ನನ್ನದಾ ಎಂದು ಒಳಗೆ ಹೊರಟರು. ಮಾವ ಎದ್ದು ಹೋಗಿ ಅವರ ಕೈ ಹಿಡಿದುಕೊಂಡು ಬಂದು ತಮ್ಮ ಪಕ್ಕ ಕೂರಿಸಿಕೊಂಡರು. ಬೇರೆಯವರ ಎದುರಿಗೆ ಅವರು ಅತ್ತೆಯ ಕೈ ಹಿಡಿದದ್ದನ್ನು ನಾನು ಅದೇ ಮೊದಲು ಕಂಡದ್ದು. ಅತ್ತೆಯ ಬೆರಳು ಅಷ್ಟು ವರ್ಷ ಪಾತ್ರೆ ತಿಕ್ಕಿ ಬಿರುಸಾಗಿತ್ತು, ಸೂಜಿ ಮೊದಲ ಸಲ ಇಳಿಯಲೇ ಇಲ್ಲ. ಎರಡನೆಯ ಸಲ ರಕ್ತ ಬಂತು.

ಮೀಟರು ತೋರಿಸಿದ್ದನ್ನು ನಾನು ನಂಬಲಿಲ್ಲ. ಆರತಿಗೆ ಬೆಲ್ಲ ಮುಟ್ಟಿದ ಕೈ ಇರಬಹುದೆಂದು ಸೋಪು ಹಾಕಿ ತೊಳೆಸಿದೆ, ಒರೆಸಿದೆ, ಬೇರೆ ಬೆರಳು ಚುಚ್ಚಿದೆ. ಮತ್ತೆ ಅದೇ ಬಂತು. ಮಾವನದು ತೀರಾ ಕೆಟ್ಟಿದ್ದ ದಿನಕ್ಕಿಂತಲೂ ಅತ್ತೆಯದು ಹೆಚ್ಚು. ಸುಳ್ಳು ನೀರು, ನಿಜದ ನೀರು ಎಂದು ಮನೆಯಲ್ಲಿ ಅಷ್ಟೆಲ್ಲ ಸಂಭ್ರಮ ಮಾಡಿದ್ದೆನಲ್ಲ. ಅನುಮಾನ ಬಂದು ನನ್ನ ಬೆರಳನ್ನೂ ಚುಚ್ಚಿಕೊಂಡು ನೋಡಿದ್ದೆನಲ್ಲ. ಆ ನೀರು ಕಾಸಿ ಕೊಟ್ಟ ಕೈಯನ್ನು ಒಂದು ದಿನ ಹಿಡಿದು ನೋಡೋಣ ಅನ್ನಿಸಲಿಲ್ಲ. ನನಗೆ ನನ್ನ ಮೇಲೇ ಅಸಹ್ಯವಾಯಿತು. ಮಾವ ಮೀಟರನ್ನು ನನ್ನ ಕೈಯಿಂದ ತೆಗೆದುಕೊಂಡು ತಮ್ಮ ಹೊಸ ಕಣ್ಣಿನ ಹತ್ತಿರ ಹಿಡಿದು ತಾವೇ ಓದಿದರು. ಆಮೇಲೆ ಅತ್ತೆಯ ಬೆರಳಿಗೆ ಹತ್ತಿ ಒತ್ತಿ ಹಿಡಿದು ಕೂತರು.

ಅತ್ತೆ ನಮ್ಮಿಬ್ಬರ ಮುಖವನ್ನೂ ಒಂದೊಂದು ಸಲ ನೋಡಿದರು.

"ಯಾಕ್ ಇಬ್ರೂ ಇಂಗ್ ಕೂತ್ಬುಟ್ರಿ? 'ಅತ್ತೆ ಗಟ್ಟಿ ಅವ್ರೆ, ಅವ್ರಿಗೇನ್ ಆಗಲ್ಲ' ಅಂತ ಎಲ್ಲಾರ್ಗೂ ಏಳ್ತಿದ್ದೋಳು ನೀನೇ ಅಲ್ವೇನಮ್ಮ. ನಾನೂ ಅದ್ನೇ ನಂಬ್ಕಂಡಿದ್ದೆ."